12ನೇ ಶತಮಾನದ ಕನ್ನಡ ನಾಡು: ಅರಸರು, ಶರಣರು, ಪಂಡಿತರು – ಪದೇ ಪದೇ ಕೇಳುವ ಪ್ರಶ್ನೆಗಳು

12ನೇ ಶತಮಾನದಲ್ಲಿ ಕನ್ನಡ ನಾಡನ್ನು ಆಳುತ್ತಿದ್ದವರು ಯಾರು?

ಒಂದೇ ಹೆಸರು ಹೇಳಿ ಮುಗಿಸುವಂತಿಲ್ಲ. ಶತಮಾನ ಶುರುವಾದಾಗ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿದ್ದ (1076–1126). ಅವನ ನಂತರ ಮಗ ಮೂರನೆಯ ಸೋಮೇಶ್ವರ, ಆಮೇಲೆ ಸೋಮೇಶ್ವರನ ಮಕ್ಕಳಾದ ಎರಡನೆಯ ಜಗದೇಕಮಲ್ಲ ಮತ್ತು ಮೂರನೆಯ ತೈಲಪ. ತೈಲಪನ ಕಾಲದಲ್ಲಿ ಅವನ ಸಾಮಂತನಾಗಿದ್ದ ಕಳಚುರಿ ಬಿಜ್ಜಳ ಗದ್ದುಗೆಯನ್ನೇ ಹಿಡಿದ. ಬಿಜ್ಜಳನ ನಾಲ್ವರು ಮಕ್ಕಳು ಒಬ್ಬರಾದ ಮೇಲೊಬ್ಬರು ಆಳಿ, 1183–84ರ ಹೊತ್ತಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ದಂಡನಾಯಕ ಬ್ರಹ್ಮನ ನೆರವಿನಿಂದ ರಾಜ್ಯ ಮರಳಿ ಪಡೆದ. ಅದೂ ಹೆಚ್ಚು ದಿನ ಉಳಿಯಲಿಲ್ಲ. ಉತ್ತರದಿಂದ ದೇವಗಿರಿಯ ಸೇವುಣ ವಂಶದ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳ ಬಂದು ನಾಡನ್ನು ಹಂಚಿಕೊಂಡರು.

ಹೊಯ್ಸಳರ ಸಾಲು ಇದಕ್ಕಿಂತ ಸರಳ: ವಿಷ್ಣುವರ್ಧನ, ಅವನ ಮಗ ಒಂದನೆಯ ನರಸಿಂಹ, ಅವನ ಮಗ ಇಮ್ಮಡಿ ಬಲ್ಲಾಳ (1173–1220). ವಿಷ್ಣುವರ್ಧನ 1108ರ ಸುಮಾರಿಗೆ ಪಟ್ಟಕ್ಕೆ ಬಂದ. ಅವನು ತೀರಿಕೊಂಡ ವರ್ಷವನ್ನು ಕೆಲವರು 1142 ಎನ್ನುತ್ತಾರೆ, ಕೆಲವರು 1152 ಎನ್ನುತ್ತಾರೆ. ಎರಡು ಪುಸ್ತಕಗಳಲ್ಲಿ ಎರಡು ಇಸವಿ ಕಂಡರೆ ಗಾಬರಿ ಬೇಡ, ಅದು ಅಚ್ಚಿನ ತಪ್ಪಲ್ಲ.

ಶಾಸನದಲ್ಲಿರುವ ಅರಸ ಚಕ್ರವರ್ತಿಯೋ ಸಾಮಂತನೋ ಎಂದು ಹೇಗೆ ಗುರುತಿಸುವುದು?

ಬಿರುದುಗಳ ಅಬ್ಬರ ನೋಡಿ ತೀರ್ಮಾನಿಸಬೇಡಿ. ಸಣ್ಣ ಮಾಂಡಲಿಕನೂ ಹತ್ತು ಸಾಲು ಹೊಗಳಿಸಿಕೊಂಡಿರುತ್ತಾನೆ. ನೋಡಬೇಕಾದದ್ದು ಮೂರು ಗುರುತುಗಳನ್ನು.

ಮೊದಲಿಗೆ, ಮಂಗಳ ಶ್ಲೋಕ ಮುಗಿದ ಕೂಡಲೇ ಬರುವ ಸಾಲು. "ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ" ಎಂದಿದ್ದರೆ ಅದು ಚಕ್ರವರ್ತಿಯ ಬಿರುದಾವಳಿ. "ಸಮಧಿಗತಪಂಚಮಹಾಶಬ್ದ ಮಹಾಮಂಡಳೇಶ್ವರ" ಎಂದಿದ್ದರೆ ಸಾಮಂತ. ಎರಡನೆಯದು, "ತತ್ಪಾದಪದ್ಮೋಪಜೀವಿ" (ಅವನ ಪಾದಕಮಲವನ್ನು ಆಶ್ರಯಿಸಿ ಬದುಕುವವನು) ಎಂಬ ಮಾತು. ಇದಕ್ಕೂ ಮೊದಲು ಬರುವವನು ಒಡೆಯ, ಆಮೇಲೆ ಬರುವವನು ಅವನ ಕೈಕೆಳಗಿನವನು. ಒಂದೇ ಶಾಸನದಲ್ಲಿ ಈ ಮಾತು ಎರಡು ಸಲ ಬಂದರೆ ಮೂರು ಹಂತದ ಆಡಳಿತ ಸಿಕ್ಕಿತೆಂದು ತಿಳಿಯಿರಿ: ಚಕ್ರವರ್ತಿ, ಮಹಾಮಂಡಳೇಶ್ವರ, ಅವನ ಕೆಳಗಿನ ದಂಡನಾಯಕ ಅಥವಾ ಪೆರ್ಗಡೆ. ಮೂರನೆಯದು ಕಾಲಮಾನ. ಸ್ವಂತ ಆಳ್ವಿಕೆಯ ವರ್ಷ ಎಣಿಸಲು ಶುರು ಮಾಡಿದ ಸಾಮಂತ ಒಡೆಯನಿಗೆ ತಲೆಬಾಗುವುದನ್ನು ಬಿಡುತ್ತಿದ್ದಾನೆ ಎಂದೇ ಅರ್ಥ.

ಇಲ್ಲಿ ಬಹಳ ಜನ ಎಡವುವುದು "ಪುರವರಾಧೀಶ್ವರ" ಎಂಬಲ್ಲಿ. ಕಳಚುರಿಗಳು "ಕಾಳಂಜರಪುರವರಾಧೀಶ್ವರ", ಹೊಯ್ಸಳರು "ದ್ವಾರಾವತೀಪುರವರಾಧೀಶ್ವರ", ಸವದತ್ತಿಯ ರಟ್ಟರು "ಲತ್ತಲೂರಪುರವರಾಧೀಶ್ವರ" ಎಂದು ಹೇಳಿಕೊಳ್ಳುತ್ತಾರೆ. ಬಿಜ್ಜಳ ಬುಂದೇಲಖಂಡದ ಕಾಲಂಜರವನ್ನು ಆಳಲಿಲ್ಲ, ಬಲ್ಲಾಳ ದ್ವಾರಕೆಯ ಕಡೆಗೆ ತಲೆಹಾಕಲೂ ಇಲ್ಲ. ಅದು ವಂಶದ ಮೂಲ ಇಂಥ ಊರು ಎಂಬ ಹೇಳಿಕೆ. ಅದನ್ನು ರಾಜ್ಯದ ಎಲ್ಲೆ ಎಂದು ನಕ್ಷೆಗೆ ಹಾಕಿದರೆ ನಕ್ಷೆಯೇ ಕೆಡುತ್ತದೆ.

ಶಕವರ್ಷ, ಚಾಳುಕ್ಯ ವಿಕ್ರಮವರ್ಷಗಳನ್ನು ಕ್ರಿಸ್ತಶಕಕ್ಕೆ ಹೇಗೆ ತಿರುಗಿಸುವುದು?

ಶಕವರ್ಷಕ್ಕೆ 78 ಕೂಡಿಸಿ. ತಿಥಿ ಮಾಘ ಅಥವಾ ಫಾಲ್ಗುಣದಲ್ಲಿದ್ದರೆ 79 ಕೂಡಿಸಿ, ಏಕೆಂದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಪುಷ್ಯ ಮಾಸದಲ್ಲಿ ಎಚ್ಚರ ಬೇಕು. ದಾನಶಾಸನಗಳಲ್ಲಿ ಪದೇ ಪದೇ ಬರುವ ಉತ್ತರಾಯಣ ಸಂಕ್ರಾಂತಿ ಇಂದು ಜನವರಿ ಮಧ್ಯದಲ್ಲಿ ಬಂದರೂ 12ನೇ ಶತಮಾನದಲ್ಲಿ, ಆಗಿನ ಜೂಲಿಯನ್ ಪಂಚಾಂಗದ ಲೆಕ್ಕದಲ್ಲಿ, ಡಿಸೆಂಬರ್ 24–25ಕ್ಕೆ ಬೀಳುತ್ತಿತ್ತು. ಆದ್ದರಿಂದ ಸಂಕ್ರಾಂತಿಯ ದಾನಕ್ಕೆ 78 ಸರಿ, 79 ಅಲ್ಲ.

ಚಾಳುಕ್ಯ ವಿಕ್ರಮವರ್ಷ ಬೇರೆ. ಆರನೆಯ ವಿಕ್ರಮಾದಿತ್ಯ ಪಟ್ಟವೇರಿದ 1076ರಲ್ಲಿ, ನಳ ಸಂವತ್ಸರದಲ್ಲಿ, ಶಕವರ್ಷವನ್ನು ಬದಿಗಿಟ್ಟು ತನ್ನದೇ ಎಣಿಕೆ ಶುರುಮಾಡಿದ. ಆ ಸಂಖ್ಯೆಗೆ 1075 ಕೂಡಿಸಬೇಕು. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ 37ನೇ ವರ್ಷದ್ದು, ಅಂದರೆ 1112. ದಂಡನಾಯಕ ಮಹಾದೇವ ಕಟ್ಟಿಸಿದ ಈ ಗುಡಿಯನ್ನು ಅಲ್ಲಿನ ಶಾಸನವೇ "ದೇವಾಲಯ ಚಕ್ರವರ್ತಿ" ಎಂದು ಕರೆದಿದೆ.

ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಸಂವತ್ಸರವೇ ಒರೆಗಲ್ಲು. ಹೀಗೆ ಮಾಡಿ:

1. ಶಕವರ್ಷಕ್ಕೆ 12 ಕೂಡಿಸಿ.
2. 60ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಿ.
3. ಪ್ರಭವವನ್ನು 1 ಎಂದಿಟ್ಟು ಸಂವತ್ಸರಗಳ ಪಟ್ಟಿಯಲ್ಲಿ ಆ ಸಂಖ್ಯೆಯವರೆಗೆ ಎಣಿಸಿ. ಶೇಷ ಸೊನ್ನೆ ಬಂದರೆ ಅಕ್ಷಯ.

ಬೇಲೂರಿನ ವಿಜಯನಾರಾಯಣನ (ಇಂದಿನ ಚೆನ್ನಕೇಶವ) ಪ್ರತಿಷ್ಠೆಯ ಶಾಸನದಲ್ಲಿ ಶಕ 1039, ಹೇಮಲಂಬಿ ಎಂದಿದೆ. 1039ಕ್ಕೆ 12 ಕೂಡಿಸಿದರೆ 1051. ಅದರ ಶೇಷ 31, ಮೂವತ್ತೊಂದನೆಯದು ಹೇಮಲಂಬಿ (ಈಗಿನ ಪಂಚಾಂಗದಲ್ಲಿ ಹೇವಿಳಂಬಿ). ಚೈತ್ರ ಮಾಸವಾದ್ದರಿಂದ 78 ಕೂಡಿಸಿ 1117. ಲೆಕ್ಕ ಕೂಡಿಬಂತು.

ಕೂಡಿಬರದಿದ್ದರೆ? ಲೆಕ್ಕದಿಂದ ಬಂದ ಸಂವತ್ಸರ ಶಾಸನದ್ದಕ್ಕಿಂತ ಒಂದು ಮುಂದಿದ್ದರೆ, ಶಾಸನಕಾರ ಮುಗಿದ ಶಕವರ್ಷಗಳ ಎಣಿಕೆಯ ಬದಲು ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಬರೆದಿದ್ದಾನೆ. ಆಗ ಸಂವತ್ಸರವನ್ನೇ ನಂಬಿ, ಶಕವರ್ಷದಿಂದ ಒಂದು ಕಳೆಯಿರಿ. ವ್ಯತ್ಯಾಸ ಎರಡು ಮೂರು ವರ್ಷಕ್ಕಿಂತ ಹೆಚ್ಚಿದ್ದರೆ ಅಂಕಿಯನ್ನು ತಪ್ಪಾಗಿ ಓದಿರಬಹುದು, ಇಲ್ಲವೇ ಹಳೆಯ ಶಾಸನವನ್ನು ಮುಂದೆ ಯಾರೋ ಮತ್ತೆ ಕೆತ್ತಿಸಿರಬಹುದು. ವಾರ ಹೊಂದದಿರುವುದು ಮಾತ್ರ ಬಹಳ ಸಾಮಾನ್ಯ. ಅಷ್ಟರಿಂದಲೇ ಶಾಸನವನ್ನು ಖೊಟ್ಟಿ ಎನ್ನಬೇಡಿ.

"ತ್ರಿಭುವನಮಲ್ಲ" ಎಂದರೆ ಯಾರು?

ಈ ಒಂದು ಹೆಸರು ಮಾಡಿರುವಷ್ಟು ಗೊಂದಲವನ್ನು ಇನ್ನಾವುದೂ ಮಾಡಿಲ್ಲ. ಆರನೆಯ ವಿಕ್ರಮಾದಿತ್ಯ ತ್ರಿಭುವನಮಲ್ಲ. ಬಿಜ್ಜಳ ತ್ರಿಭುವನಮಲ್ಲ. ನಾಲ್ಕನೆಯ ಸೋಮೇಶ್ವರನೂ ತ್ರಿಭುವನಮಲ್ಲ. ಸಾಲದ್ದಕ್ಕೆ ಒಡೆಯನ ಬಿರುದನ್ನು ಸಾಮಂತರು ತಮ್ಮ ಹೆಸರಿನ ಮುಂದೆ ಹಚ್ಚಿಕೊಳ್ಳುತ್ತಿದ್ದರು: ವಿಷ್ಣುವರ್ಧನ "ತ್ರಿಭುವನಮಲ್ಲ ತಳಕಾಡುಗೊಂಡ ಭುಜಬಳ ವೀರಗಂಗ ಹೊಯ್ಸಳದೇವ". ಹಾಗಾಗಿ ಬಿರುದಿನ ಹಿಂದೆಮುಂದೆ ನೋಡಿ. "ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ" ಇದ್ದರೆ ಚಾಲುಕ್ಯ. "ಕಾಳಂಜರ" ಇದ್ದರೆ ಕಳಚುರಿ. "ಯಾದವಕುಳಾಂಬರದ್ಯುಮಣಿ", "ಮಲೆಪರೊಳ್ಗಂಡ" ಇದ್ದರೆ ಹೊಯ್ಸಳ. ಚಾಲುಕ್ಯರಲ್ಲೇ ವಿಕ್ರಮಾದಿತ್ಯನೋ ನಾಲ್ಕನೆಯ ಸೋಮೇಶ್ವರನೋ ಎಂಬುದನ್ನು ಕಾಲ ಹೇಳುತ್ತದೆ, ಇಬ್ಬರ ನಡುವೆ ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರವಿದೆ.

ಸೋಮೇಶ್ವರ ಎಂಬ ಹೆಸರಿನದೂ ಇದೇ ಕಥೆ. ಭೂಲೋಕಮಲ್ಲ ಎಂದರೆ ಚಾಲುಕ್ಯ ಮೂರನೆಯ ಸೋಮೇಶ್ವರ. ರಾಯಮುರಾರಿ ಸೋವಿದೇವ ಎಂದರೆ ಬಿಜ್ಜಳನ ಮಗ.

ಬನವಾಸಿ 12000, ಗಂಗವಾಡಿ 96000: ಈ ಸಂಖ್ಯೆಗಳು ಏನು?

ನಾಡಿನ ಹೆಸರಿಗೆ ಅಂಟಿಕೊಂಡ ಸಂಪ್ರದಾಯದ ಅಂಕಿಗಳು. ಹಳ್ಳಿಗಳ ಎಣಿಕೆ ಎಂದು ಕೆಲವರು, ಆದಾಯದ ಲೆಕ್ಕ ಎಂದು ಕೆಲವರು ಹೇಳುತ್ತಾರೆ. ಕಿಸುಕಾಡು 70, ಬೆಳ್ವೊಲ 300, ತರ್ದವಾಡಿ 1000ದಂಥ ಸಣ್ಣ ಅಂಕಿಗಳಿಗೆ ಹಳ್ಳಿಗಳ ಲೆಕ್ಕ ಒಪ್ಪುತ್ತದೆ. 96000 ಹಳ್ಳಿಗಳನ್ನು ಗಂಗವಾಡಿಯಲ್ಲಿ ಹುಡುಕಲು ಹೋದರೆ ಮಾತ್ರ ಕಷ್ಟ. ಬೆಳ್ವೊಲ 300, ಪುಲಿಗೆರೆ 300 ಇವೆರಡನ್ನೂ ಒಟ್ಟಿಗೆ "ಎರಡರುನೂರು" ಎನ್ನುತ್ತಿದ್ದರು. ಈ ಮಾತು ಕಂಡಾಗ 600 ಊರುಗಳ ಬೇರೊಂದು ನಾಡು ಎಂದುಕೊಳ್ಳಬೇಡಿ.

ಹಾಗೆಯೇ ದಾನಭೂಮಿಯ "ಮತ್ತರು" ಎಂಬುದನ್ನು ಎಕರೆಗೆ ತಿರುಗಿಸಲು ಹೋಗಬೇಡಿ. ಅಳೆಯುವ ಕೋಲು ಊರಿಂದೂರಿಗೆ ಬೇರೆಯಾಗಿತ್ತು, ಶಾಸನಗಳೇ ಇಂಥ ಕೋಲಿನಲ್ಲಿ ಅಳೆದದ್ದು ಎಂದು ಹೇಳುವುದು ಅದಕ್ಕಾಗಿಯೇ.

ಆರನೆಯ ವಿಕ್ರಮಾದಿತ್ಯ ಅಣ್ಣನನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದದ್ದು ನಿಜವೇ?

ನಿಜ. ಎರಡನೆಯ ಸೋಮೇಶ್ವರನನ್ನು ಸೋಲಿಸಿ 1076ರಲ್ಲಿ ಪಟ್ಟವೇರಿದ. ಅಣ್ಣ ದುಷ್ಟ, ದೇವರೇ ಅಪ್ಪಣೆ ಕೊಟ್ಟಿದ್ದರಿಂದ ತಮ್ಮ ಒಲ್ಲದ ಮನಸ್ಸಿನಿಂದ ಯುದ್ಧಕ್ಕಿಳಿದ ಎನ್ನುವುದು ಬಿಲ್ಹಣನ "ವಿಕ್ರಮಾಂಕದೇವಚರಿತ"ದ ವಾದ. ಬಿಲ್ಹಣ ಕಾಶ್ಮೀರದಿಂದ ಬಂದು ಈ ಅರಸನ ಆಸ್ಥಾನದಲ್ಲಿ ವಿದ್ಯಾಪತಿ (ಮುಖ್ಯ ಪಂಡಿತ) ಆದವನು. ಅನ್ನ ಕೊಟ್ಟವನ ಪರವಾಗಿ ಬರೆದಿದ್ದಾನೆ. ಅವನ ಕಾವ್ಯವನ್ನು ಘಟನೆಗಳ ಅನುಕ್ರಮಕ್ಕೆ ಬಳಸಿ, ಅಣ್ಣನ ಗುಣನಡತೆಗೆ ಬಳಸಬೇಡಿ. ಈ ಕಾವ್ಯ ಎಷ್ಟು ಮರೆತುಹೋಗಿತ್ತೆಂದರೆ, ಜರ್ಮನ್ ವಿದ್ವಾಂಸ ಬ್ಯೂಲರ್‌ಗೆ 1874ರಲ್ಲಿ ರಾಜಸ್ಥಾನದ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಅದರ ಪ್ರತಿ ಸಿಕ್ಕಿತು.

ವಿಜ್ಞಾನೇಶ್ವರನ "ಮಿತಾಕ್ಷರ" ಇಂದಿಗೂ ಏಕೆ ಮುಖ್ಯ?

ಏಕೆಂದರೆ ಮನೆಯ ಆಸ್ತಿಯ ವ್ಯಾಜ್ಯದಲ್ಲಿ ವಕೀಲರು ಇಂದಿಗೂ ಆ ಹೆಸರನ್ನು ಹೇಳುತ್ತಾರೆ. ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ ಬರೆದ ಇದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಇದರ ತಿರುಳು. ಬಂಗಾಳ, ಅಸ್ಸಾಮುಗಳಲ್ಲಿ ನಡೆದ ಜೀಮೂತವಾಹನನ "ದಾಯಭಾಗ"ದ ಪ್ರಕಾರ ತಂದೆ ಬದುಕಿರುವವರೆಗೆ ಮಗನಿಗೆ ಹಕ್ಕಿಲ್ಲ. "ಸಪಿಂಡ" ಎಂದರೆ ಪಿಂಡ ಇಡುವ ಸಂಬಂಧವಲ್ಲ, ಒಂದೇ ಶರೀರದ ಅಂಶ ಹಂಚಿಕೊಂಡ ರಕ್ತಸಂಬಂಧ ಎಂದು ಬಿಡಿಸಿದ್ದೂ ವಿಜ್ಞಾನೇಶ್ವರನೇ. 1810ರಲ್ಲಿ ಕೋಲ್‌ಬ್ರೂಕ್ ಈ ಎರಡೂ ಗ್ರಂಥಗಳ ದಾಯವಿಭಾಗದ ಭಾಗಗಳನ್ನು ಇಂಗ್ಲಿಷಿಗೆ ತಂದ ಮೇಲೆ ಕಂಪನಿಯ ನ್ಯಾಯಾಲಯಗಳಲ್ಲಿ ಇವೇ ಆಧಾರವಾದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನಲ್ಲಿ ಮಿತಾಕ್ಷರದ ಹೆಸರಿದೆ. 2005ರ ತಿದ್ದುಪಡಿ ಹುಟ್ಟಿನಿಂದ ಬರುವ ಈ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು.

ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆ ಇರುವುದೂ ಇಲ್ಲ ಎಂದು ಗ್ರಂಥದ ಕೊನೆಯಲ್ಲಿ ಹಾಡಿದವನೂ ಇವನೇ. ಧರ್ಮಶಾಸ್ತ್ರದವನಿಗೂ ಊರ ಮೇಲೆ ಅಷ್ಟು ಮೋಹ.

"ಮಾನಸೋಲ್ಲಾಸ"ದಲ್ಲಿ ಇಡ್ಲಿ ದೋಸೆ ಇವೆಯಂತೆ?

ಹೆಸರಿವೆ, ಇಂದಿನ ತಿಂಡಿ ಅಲ್ಲ. ಮೂರನೆಯ ಸೋಮೇಶ್ವರನ ಈ ಸಂಸ್ಕೃತ ಗ್ರಂಥದ ಕಾಲ 1129ರ ಸುಮಾರು. ಐದು ವಿಂಶತಿಗಳು, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು 100. ಆನೆ ಹಿಡಿಯುವುದು, ಮೀನು ಹಿಡಿಯುವುದು, ಕುಸ್ತಿ, ಚಿತ್ರ, ಸಂಗೀತ, ಸುಗಂಧ, ಅಡುಗೆ ಎಲ್ಲವೂ ಅದರಲ್ಲಿದೆ. ಅಲ್ಲಿ ಬರುವ "ಇಡ್ಡರಿಕಾ" ಬರಿ ಉದ್ದಿನದು: ನುಣ್ಣಗಿನ ಉದ್ದಿನ ಹಿಟ್ಟಿನ ಸಣ್ಣ ಉಂಡೆಗಳು, ಮೇಲೆ ಮೆಣಸು, ಜೀರಿಗೆ, ಇಂಗು. ಅಕ್ಕಿ ಇಲ್ಲ, ರಾತ್ರಿಯಿಡೀ ಹುದುಗು ಬರಿಸುವ ಮಾತೂ ಇಲ್ಲ. "ಧೋಸಕ"ವೂ ಅಲ್ಲಿದೆ. ಇನ್ನು "ಇಡ್ಲಿ ಮೊದಲು ಕಾಣುವುದೇ ಮಾನಸೋಲ್ಲಾಸದಲ್ಲಿ" ಎಂಬ ಮಾತು ತಪ್ಪು. ಕನ್ನಡದ "ವಡ್ಡಾರಾಧನೆ"ಯಲ್ಲಿ ಅದಕ್ಕೂ ಇನ್ನೂರು ವರ್ಷ ಮೊದಲೇ ಇಡ್ಡಲಿಗೆ ಬಂದಿದೆ.

ವಿಷ್ಣುವರ್ಧನ ರಾಮಾನುಜರಿಂದ ವೈಷ್ಣವನಾಗಿ ಜೈನರನ್ನು ಹಿಂಸಿಸಿದನೇ?

ಈ ಪ್ರಶ್ನೆಗೆ ಶಾಸನಗಳು ಸಾಕಷ್ಟು ಮಾತಾಡುತ್ತವೆ. ಅವನು ವಿಷ್ಣುಭಕ್ತನಾದದ್ದು, ರಾಮಾನುಜರು ಚೋಳ ನಾಡು ಬಿಟ್ಟು ತೊಣ್ಣೂರು–ಮೇಲುಕೋಟೆಯ ಕಡೆಗೆ ಬಂದದ್ದು ಶ್ರೀವೈಷ್ಣವ ಪರಂಪರೆಯಲ್ಲಿ ಗಟ್ಟಿಯಾಗಿದೆ. ಬೇಲೂರಿನ ವಿಜಯನಾರಾಯಣ 1117ರಲ್ಲಿ ಪ್ರತಿಷ್ಠೆಯಾದದ್ದೂ ಕಣ್ಣೆದುರಿಗಿದೆ. ಅದರ ಹಿಂದಿನ ವರ್ಷ, 1116ರಲ್ಲಿ, ಚೋಳರಿಂದ ತಲಕಾಡು ಗೆದ್ದ ಸಂತೋಷವೂ ಅದರಲ್ಲಿ ಸೇರಿದೆ.

ಹಿಂಸೆಯ ಕಥೆಗೆ ಮಾತ್ರ ಶಾಸನದ ಬೆಂಬಲವಿಲ್ಲ, ಇರುವ ಸಾಕ್ಷ್ಯ ತದ್ವಿರುದ್ಧ. ಆ ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಜೈನ. ಶ್ರವಣಬೆಳಗೊಳದ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದವನು ಅವನೇ. ಪಟ್ಟದರಸಿ ಶಾಂತಲೆ ಕೊನೆಯವರೆಗೂ ಜೈನಳು. 1123ರಲ್ಲಿ ಅವಳು ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದಳು, ಬೇಲೂರಿನ ಪ್ರತಿಷ್ಠೆಯಾಗಿ ಆರು ವರ್ಷವಾದ ಮೇಲೆ. ಎಲ್ಲಕ್ಕಿಂತ ಸ್ಪಷ್ಟವಾದದ್ದು 1133ರ ಹಳೇಬೀಡಿನ ಬಸ್ತಿಹಳ್ಳಿಯ ಶಾಸನ. ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದಾಗ ಅವನಿಗೆ ಯುದ್ಧದಲ್ಲಿ ಜಯವಾಗಿತ್ತು, ಮಗ ಹುಟ್ಟಿದ್ದ. ಅರಸ ಎದ್ದು ನಿಂತು ಪ್ರಸಾದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟು ದಾನ ಕೊಟ್ಟ. ಹಿಂಸಕನ ನಡವಳಿಕೆ ಇದಲ್ಲ.

ಶಾಂತಲೆ ಶಿವಗಂಗೆಯ ಬೆಟ್ಟದಿಂದ ಹಾರಿ ಪ್ರಾಣ ಬಿಟ್ಟಳೇ?

ಶ್ರವಣಬೆಳಗೊಳದ ಶಾಸನದ ಪ್ರಕಾರ ಶಕ 1053, ವಿರೋಧಿಕೃತು ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರ, ಅಂದರೆ 1131ರಲ್ಲಿ, ಅವಳು ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳು, ಎಂದರೆ ತೀರಿಕೊಂಡಳು. ಮೇಲೆ ಹೇಳಿದ ಸಂವತ್ಸರದ ಲೆಕ್ಕ ಇಲ್ಲೂ ಕೂಡಿಬರುತ್ತದೆ: 1065ರ ಶೇಷ 45. ಹಾರಿದಳು ಎಂದಾಗಲಿ, ಮಕ್ಕಳಿಲ್ಲದ ಕೊರಗು ಎಂದಾಗಲಿ ಅಲ್ಲಿಲ್ಲ. ಮಗಳ ಸಾವಿನ ನಂತರ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸದ ವ್ರತ ಹಿಡಿದು ದೇಹ ಬಿಟ್ಟಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ, ಗಂಡ ವೈಷ್ಣವ: ಒಂದೇ ಮನೆಯಲ್ಲಿ ಮೂರು ಮತ. ಬೆಟ್ಟದಿಂದ ಹಾರುವ ಕಥೆ ಕಾದಂಬರಿಗೆ, ನಾಟಕಕ್ಕೆ ಒದಗುವಂಥದ್ದು. ಶಿವಗಂಗೆಯ ಕಡಿದಾದ ಬಂಡೆಯೂ ಅದಕ್ಕೆ ಇಂಬು ಕೊಟ್ಟಿದೆ.

ಬೇಲೂರನ್ನು ಕಟ್ಟಿದ್ದು ಜಕಣಾಚಾರಿಯೇ?

ಜನಪದದಲ್ಲಿ ಹೌದು. ಆದರೆ ಬೇಲೂರಿನ ಶಿಲ್ಪಗಳ ಪೀಠದ ಮೇಲೆ ರೂವಾರಿಗಳು ತಾವೇ ಕೆತ್ತಿಕೊಂಡ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರಲ್ಲಿ ಮುಖ್ಯರು. ಹೆಸರಿನ ಜತೆಗೆ ಊರು, ಬಿರುದು ಇರುತ್ತವೆ, ಎದುರಾಳಿ ಶಿಲ್ಪಿಗಳನ್ನು ಮೂದಲಿಸುವ ಬಿರುದುಗಳೂ ಉಂಟು. ಒಟ್ಟು 42 ಮದನಿಕೆಗಳಲ್ಲಿ (ಸುಂದರಿಯರ ಶಿಲ್ಪಗಳು) 38 ಹೊರಗೆ, 4 ನವರಂಗದ ಒಳಗೆ. ಹೊರಗಿನವನ್ನು ನೋಡುವಾಗ ವಿಗ್ರಹದ ಮುಖದ ಜತೆ ಪಾದದ ಕೆಳಗಿನ ಪಟ್ಟಿಯನ್ನೂ ನೋಡಿ. ಬೈನಾಕ್ಯುಲರ್ ಒಯ್ದರೆ ಒಳ್ಳೆಯದು, ಬರಿಗಣ್ಣಿಗೆ ಅಕ್ಷರ ಸಿಗುವುದಿಲ್ಲ.

ಬಿಜ್ಜಳ ಯಾವಾಗ ಕಲ್ಯಾಣ ಹಿಡಿದ? ಹೇಗೆ ಸತ್ತ?

ಹಿಡಿದದ್ದು ಒಂದೇ ದಿನದ ಕೆಲಸವಲ್ಲ. ಅವನ ಮನೆತನದ ನೆಲೆ ಮಂಗಳವಾಡ, ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ತರ್ದವಾಡಿ ಸಾವಿರದ ಮಾಂಡಲಿಕನಾಗಿದ್ದವನು 1157ರ ಹೊತ್ತಿಗೆ ತನ್ನ ಆಳ್ವಿಕೆಯ ವರ್ಷ ಎಣಿಸತೊಡಗಿದ, 1162ರ ಹೊತ್ತಿಗೆ ಚಕ್ರವರ್ತಿಯ ಪೂರ್ಣ ಬಿರುದಾವಳಿ ಹಾಕಿಕೊಂಡ. ನಡುವಿನ ಐದು ವರ್ಷಗಳಲ್ಲಿ ಕೆಲವು ಶಾಸನಗಳು ಅವನನ್ನು ಮಹಾಮಂಡಳೇಶ್ವರನೆಂದೂ ಕೆಲವು ಚಕ್ರವರ್ತಿಯೆಂದೂ ಹೇಳಿದರೆ ಅದು ವಿರೋಧವಲ್ಲ, ಕೈಬದಲಾಗುವ ಹೊತ್ತು.

ಸಾವಿನ ವಿಷಯದಲ್ಲಿ ಮೂರು ದಾರಿ. 1167–68ರಿಂದ ಮಗ ಸೋವಿದೇವನ ಆಳ್ವಿಕೆಯ ಲೆಕ್ಕ ಶುರುವಾಗುವುದನ್ನು ಶಾಸನಗಳು ತೋರಿಸುತ್ತವೆ, ಅಷ್ಟೇ. ವೀರಶೈವ ಪುರಾಣಗಳು ಜಗದೇವ ಮತ್ತು ಸಂಗಡಿಗರು ಅವನನ್ನು ಇರಿದರೆನ್ನುತ್ತವೆ. ಜೈನರ ಕಾವ್ಯ ವಿಷದ ಕಥೆ ಹೇಳುತ್ತದೆ. ಎರಡೂ ಅವನ ಕಾಲದಿಂದ ದೂರದ ಬರಹಗಳು, ಎರಡಕ್ಕೂ ತಮ್ಮ ತಮ್ಮ ಪಕ್ಷವಿದೆ.

ಶಾಸನವಾದರೆ ಕಣ್ಣುಮುಚ್ಚಿ ನಂಬಬಹುದು ಎಂದೂ ಅಲ್ಲ. ಹಾವೇರಿ ಜಿಲ್ಲೆಯ ಅಬಲೂರಿನಲ್ಲಿ 1200ರ ಸುಮಾರಿನ ಒಂದು ಶಾಸನವಿದೆ. ಏಕಾಂತದ ರಾಮಯ್ಯ ಜೈನರೊಂದಿಗೆ ಪಂಥ ಕಟ್ಟಿ ತನ್ನ ತಲೆಯನ್ನೇ ಕಡಿದು ಶಿವನಿಗೊಪ್ಪಿಸಿ, ಅದನ್ನು ಮರಳಿ ಪಡೆದ. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಎಂದು ಕಲ್ಲಿನ ಮೇಲೇ ಬರೆದಿದೆ. ದಾನದ ಭಾಗವನ್ನು ದಾಖಲೆಯಾಗಿ, ಪವಾಡವನ್ನು ಆ ಕಾಲದ ಜನರ ನಂಬಿಕೆಯಾಗಿ ಓದಬೇಕು.

ಬಸವಣ್ಣನವರ ಹೆಸರು ಸಮಕಾಲೀನ ಶಾಸನಗಳಲ್ಲಿ ಇಲ್ಲವೇಕೆ?

ಸ್ಪಷ್ಟವಾಗಿ ಅವರನ್ನು ಹೇಳುವ ಹೆಸರಾಂತ ಶಾಸನ 1260ರದು, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ್ದು, ಸೇವುಣ ಕನ್ನರನ ಕಾಲದ್ದು. ಅಲ್ಲಿ ತರ್ದವಾಡಿ, ಬಾಗವಾಡಿ, ಸಂಗನಬಸವರ ಹೆಸರುಗಳು ಬರುತ್ತವೆ. ಅದಕ್ಕೂ ಮೊದಲಿನವು ಕಡಿಮೆ ಎಂಬುದರಲ್ಲಿ ಅಚ್ಚರಿಯಿಲ್ಲ. ಶಾಸನ ಹಾಕಿಸುವುದು ಗುಡಿಗೆ, ಬಸದಿಗೆ, ಅಗ್ರಹಾರಕ್ಕೆ ಭೂಮಿ ಬಿಟ್ಟಾಗ. ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದವರಿಗೆ ಕಲ್ಲು ನೆಡುವ ಸಂದರ್ಭ ಬರುವುದೇ ಅಪರೂಪ.

ಹುಟ್ಟಿದ ವರ್ಷಕ್ಕೆ 1105, 1131, 1134 ಎಂಬ ಬೇರೆಬೇರೆ ಲೆಕ್ಕಗಳಿವೆ. ಲಿಂಗೈಕ್ಯವನ್ನು ಹೆಚ್ಚಿನವರು 1167–68 ಎನ್ನುತ್ತಾರೆ, ಬಿಜ್ಜಳನ ಆಳ್ವಿಕೆ ಮುಗಿದ ಕಾಲಕ್ಕೆ ಅದು ಹೊಂದುತ್ತದೆ. ಜೀವನದ ವಿವರಗಳಿಗೆ ಹರಿಹರನ ರಗಳೆ ಎಲ್ಲಕ್ಕಿಂತ ಹತ್ತಿರದ ಬರಹ. ಭೀಮಕವಿಯ ಕನ್ನಡ "ಬಸವಪುರಾಣ" 1369ರದು, ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣವನ್ನು ಅನುಸರಿಸಿದ್ದು. ಎರಡರಲ್ಲೂ ಇರುವ ಘಟನೆಗೂ ಪುರಾಣದಲ್ಲಿ ಮಾತ್ರ ಇರುವ ಘಟನೆಗೂ ಒಂದೇ ತೂಕ ಕೊಡಬೇಡಿ.

ವಾಟ್ಸಾಪಿನಲ್ಲಿ ಬರುವ ವಚನ ನಿಜವಾಗಿ ಯಾರದು ಎಂದು ಹೇಗೆ ತಿಳಿಯುವುದು?

ಮೊದಲು ಅಂಕಿತ ನೋಡಿ, ಅಂದರೆ ವಚನದ ಕೊನೆಯಲ್ಲಿ ವಚನಕಾರನ ಗುರುತಾಗಿ ಬರುವ ಹೆಸರು. ಕೂಡಲಸಂಗಮದೇವ ಬಸವಣ್ಣ, ಕೂಡಲಚೆನ್ನಸಂಗಮದೇವ ಚೆನ್ನಬಸವಣ್ಣ (ಈ ಒಂದು "ಚೆನ್ನ" ಬಿಟ್ಟುಹೋಗಿ ಸೋದರಳಿಯನ ವಚನ ಮಾವನ ಹೆಸರಿಗೆ ಹೋಗುವುದು ನಿತ್ಯದ ತಪ್ಪು), ಗುಹೇಶ್ವರ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿ, ಕಪಿಲಸಿದ್ಧಮಲ್ಲಿಕಾರ್ಜುನ ಸೊನ್ನಲಿಗೆಯ ಸಿದ್ಧರಾಮ, ನಿಃಕಳಂಕಮಲ್ಲಿಕಾರ್ಜುನ ಮೋಳಿಗೆಯ ಮಾರಯ್ಯ, ಕಲಿದೇವರದೇವ ಮಡಿವಾಳ ಮಾಚಯ್ಯ, ಮಾರಯ್ಯಪ್ರಿಯ ಅಮರೇಶ್ವರಲಿಂಗ ಆಯ್ದಕ್ಕಿ ಲಕ್ಕಮ್ಮ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಮಲ್ಲಿಕಾರ್ಜುನ ಎಂದು ಕೊನೆಯಾಗುವ ಅಂಕಿತಗಳು ಹಲವು ಇರುವುದರಿಂದ ಮೊದಲ ಅರ್ಧ ಮುಖ್ಯ.

ಅಂಕಿತವೇ ಇಲ್ಲದಿದ್ದರೆ ಅನುಮಾನಿಸಿ. ಅಂಕಿತವಿದ್ದರೂ ಭಾಷೆ ತೀರ ಇಂದಿನ ಪತ್ರಿಕೆಯಂತಿದ್ದರೆ, "ಸಮಾನತೆ", "ಸಮಾಜ ಸುಧಾರಣೆ"ಯಂಥ ಹೊಸ ಪದಗಳಿದ್ದರೆ ಇನ್ನೂ ಹೆಚ್ಚು ಅನುಮಾನಿಸಿ. ಕೊನೆಗೆ ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಮೊದಲ ಸಾಲಿನ ಅಕಾರಾದಿಯಲ್ಲಿ ಹುಡುಕಿ. ಅಲ್ಲಿ ಸಿಕ್ಕರೂ ಒಂದು ಮಾತು ನೆನಪಿರಲಿ: ವಚನಗಳನ್ನು ಒಟ್ಟುಗೂಡಿಸುವ ದೊಡ್ಡ ಕೆಲಸ ನಡೆದದ್ದು 15ನೇ ಶತಮಾನದ ವಿಜಯನಗರದ ಕಾಲದಲ್ಲಿ. ನಡುವಿನ ಎರಡೂವರೆ ಶತಮಾನದಲ್ಲಿ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬಂದದ್ದರಲ್ಲಿ ಪಾಠಾಂತರ, ಪ್ರಕ್ಷಿಪ್ತ (ಆಮೇಲೆ ಸೇರಿಸಿದ್ದು) ಇದ್ದೇ ಇರುತ್ತವೆ. "ಶೂನ್ಯಸಂಪಾದನೆ"ಯ ಸಂವಾದಗಳನ್ನು ಅನುಭವ ಮಂಟಪದ ನಡಾವಳಿ ಎಂದು ಓದುವುದೂ ಇದೇ ಕಾರಣಕ್ಕೆ ತಪ್ಪು.

ಗಣಿತಜ್ಞ ಭಾಸ್ಕರಾಚಾರ್ಯ ವಿಜಯಪುರದವನೇ?

ಹಾಗೆಂದು ನಂಬಿಕೆಯಿದೆ. ಅವನೇ ಹೇಳಿಕೊಂಡಿರುವುದು ಸಹ್ಯಾದ್ರಿಯ ಆಸರೆಯ "ವಿಜ್ಜಡವಿಡ" ಎಂಬ ಊರು. ವಿಜಯಪುರ ಬಯಲುಸೀಮೆ, ಸಹ್ಯಾದ್ರಿಯಿಂದ ದೂರ. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ಅವನ ಮೊಮ್ಮಗ ಚಾಂಗದೇವ, ಸೇವುಣ ಸಿಂಘಣನ ಆಸ್ಥಾನ ಜ್ಯೋತಿಷಿ, ತಾತನ ಗ್ರಂಥಗಳನ್ನು ಕಲಿಸಲು ಮಠ ಸ್ಥಾಪಿಸಿದ ಶಾಸನ ಸಿಕ್ಕಿದೆ. ಆ ಕಡೆಯ ವಾದಕ್ಕೆ ಬಲ ಹೆಚ್ಚು.

ವರ್ಷದ ವಿಷಯದಲ್ಲಿ ಜಗಳವಿಲ್ಲ. "ರಸಗುಣಪೂರ್ಣಮಹೀ" ಎಂದು ಅವನೇ ಕೊಟ್ಟಿದ್ದಾನೆ. ರಸ 6, ಗುಣ 3, ಪೂರ್ಣ 0, ಮಹೀ 1. ಬಲದಿಂದ ಎಡಕ್ಕೆ ಬರೆದರೆ ಶಕ 1036, ಅಂದರೆ 1114. "ರಸಗುಣ" ವರ್ಷದಲ್ಲಿ, 36ನೇ ವಯಸ್ಸಿಗೆ, "ಸಿದ್ಧಾಂತ ಶಿರೋಮಣಿ" ರಚಿಸಿದ: 1150. ಎಡದಿಂದ ಓದಿದರೆ 6301 ಬರುತ್ತದೆ, ಶಾಸನಗಳ ಭೂತಸಂಖ್ಯೆಯಲ್ಲೂ (ಹೀಗೆ ಪದಗಳಿಂದ ಅಂಕಿ ಹೇಳುವ ಕ್ರಮ) ಹೊಸಬರು ಮಾಡುವ ತಪ್ಪು ಇದೇ.

ಆ ಕಾಲದ ಕನ್ನಡ ಕವಿಗಳು, ಶಾಸ್ತ್ರಕಾರರು ಯಾರು?

ಅಭಿನವ ಪಂಪನೆನಿಸಿದ ನಾಗಚಂದ್ರ, ಮುಳುಗುಂದದ ನಯಸೇನ ("ಧರ್ಮಾಮೃತ", 1112), ಲಕ್ಷಣಕಾರ ಎರಡನೆಯ ನಾಗವರ್ಮ. ಗಣಿತವನ್ನು ಕನ್ನಡದಲ್ಲೇ ಬರೆದ ರಾಜಾದಿತ್ಯನನ್ನು ಬಹಳ ಜನ ಮರೆಯುತ್ತಾರೆ. ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ದನಗಳ ವೈದ್ಯದ ಮೇಲೆ "ಗೋವೈದ್ಯ" ಬರೆದ. ಅರಮನೆಯವನು ಕೊಟ್ಟಿಗೆಯ ಶಾಸ್ತ್ರ ಬರೆದದ್ದು ಆ ಕಾಲದ ಬಗ್ಗೆ ಹತ್ತು ಪ್ರಶಸ್ತಿಗಳಿಗಿಂತ ಹೆಚ್ಚು ಹೇಳುತ್ತದೆ. ಶತಮಾನದ ಕೊನೆಗೆ ಬಲ್ಲಾಳನ ಆಸರೆಯಲ್ಲಿ ನೇಮಿಚಂದ್ರ, ರುದ್ರಭಟ್ಟ.

ಕಲ್ಯಾಣದ ನಂತರ ಯಾರು ಗೆದ್ದರು?

1190–91ರ ಹೊತ್ತಿಗೆ ಗದಗ ಸೀಮೆಯ ಸೊರಟೂರಿನಲ್ಲಿ ಬಲ್ಲಾಳ ಭಿಲ್ಲಮನನ್ನು ಸೋಲಿಸಿದ, 1192ರಲ್ಲಿ ಲಕ್ಕುಂಡಿಯಿಂದ ಆಳಿದ. ಆದರೆ ಕೃಷ್ಣೆಯ ಉತ್ತರ ಸೇವುಣರಿಗೇ ಉಳಿಯಿತು, ದೇವಗಿರಿ ಅವರ ರಾಜಧಾನಿಯಾಯಿತು.

ಊರಿನಲ್ಲಿ ಶಾಸನ ಕಲ್ಲೊಂದು ಸಿಕ್ಕಿದೆ. ಏನು ಮಾಡಬೇಕು?

ಉಜ್ಜಬೇಡಿ, ಎಣ್ಣೆ, ಸುಣ್ಣ, ಬಣ್ಣ ಹಚ್ಚಬೇಡಿ, ಸೀಮೆಸುಣ್ಣದಿಂದ ಅಕ್ಷರ ತುಂಬಬೇಡಿ. ತುಂಬಿದವನು ತಾನು ಓದಿಕೊಂಡದ್ದನ್ನು ತುಂಬಿರುತ್ತಾನೆ, ಮುಂದಿನವನು ಫೋಟೋದಲ್ಲಿ ಆ ತಪ್ಪನ್ನೇ ಓದುತ್ತಾನೆ. ಒಣಮಣ್ಣನ್ನು ಮೃದುವಾದ ಬ್ರಷ್‌ನಿಂದ ತೆಗೆದರೆ ಸಾಕು.

ಫೋಟೋವನ್ನು ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ಇನ್ನೂ ಒಳ್ಳೆಯದು ರಾತ್ರಿ, ಟಾರ್ಚನ್ನು ಕಲ್ಲಿನ ಮುಖಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬದಿಯಿಂದ ಹಿಡಿದು. ಎದುರಿನಿಂದ ಫ್ಲಾಶ್ ಬಿಟ್ಟರೆ ನೆರಳು ಸತ್ತು ಅಕ್ಷರ ಮಾಯವಾಗುತ್ತದೆ. ಟಾರ್ಚನ್ನು ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಹಿಡಿದು ಒಂದೇ ಜಾಗದ ಎರಡು ಚಿತ್ರ ತೆಗೆಯಿರಿ. ಆ ಕಾಲದ ಲಿಪಿಯಲ್ಲಿ ಒಂದನ್ನೊಂದು ಹೋಲುವ ಮ, ವ ಒಂದೇ ಬೆಳಕಿನಲ್ಲಿ ಬೇರ್ಪಡುವುದಿಲ್ಲ. ನಾಲ್ಕೈದು ಸಾಲಿಗೆ ಒಂದು ಚಿತ್ರ, ಪ್ರತಿ ಚಿತ್ರದಲ್ಲಿ ಹಿಂದಿನದರ ಒಂದು ಸಾಲು ಸೇರಿರಲಿ. ಹಿಂಭಾಗ, ಅಂಚುಗಳನ್ನೂ ತೆಗೆಯಿರಿ, ದಾನದ ಎಲ್ಲೆಗಳು ಅಲ್ಲಿಗೆ ಹರಿದಿರುತ್ತವೆ.

ಈಗಾಗಲೇ ಪ್ರಕಟವಾಗಿದೆಯೇ ಎಂದು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ತಾಲ್ಲೂಕಿನ ಹೆಸರಿನಡಿ, ಉತ್ತರ ಕರ್ನಾಟಕದ್ದಾದರೆ ದಕ್ಷಿಣ ಭಾರತದ ಶಾಸನಗಳ ಸಂಪುಟಗಳಲ್ಲಿ ನೋಡಿ. ಹುಡುಕುವಾಗ ಹೆಸರನ್ನು ಪಕಾರ, ಹಕಾರ ಎರಡರಿಂದಲೂ ಹಾಕಿ: ಪೊಯ್ಸಳ, ಹೊಯ್ಸಳ ಎರಡೂ ಆ ಶತಮಾನದಲ್ಲಿ ಜತೆಜತೆಗೆ ಓಡಾಡುತ್ತಿದ್ದವು. ಊರಿನ ಹೆಸರು ಬದಲಾಗಿರಬಹುದಾದ್ದರಿಂದ ಸುತ್ತಲಿನ ಹಳ್ಳಿಗಳ ಹೆಸರನ್ನೂ ನೋಡಿ. ಪ್ರಕಟವಾಗಿರದಿದ್ದರೆ ರಾಜ್ಯ ಪುರಾತತ್ವ ಇಲಾಖೆಗೆ ಬರೆದು ತಿಳಿಸಿ. ಒದ್ದೆ ಕಾಗದ ಹಾಸಿ ಬ್ರಷ್‌ನಿಂದ ತಟ್ಟಿ ಮಸಿ ಒತ್ತುವ ಪಡಿಯಚ್ಚಿನ ಕೆಲಸವನ್ನು ಅವರಿಗೇ ಬಿಡಿ. ಕಾಗದ ಹೆಚ್ಚು ಒದ್ದೆಯಾದರೆ ಮಸಿ ಸೋರಿ ಕಲ್ಲಿಗೆ ಕಲೆ ಕೂರುತ್ತದೆ, ಕಡಿಮೆಯಾದರೆ ಅಕ್ಷರದ ಗುಳಿಗೆ ಇಳಿಯದೆ ಹರಿಯುತ್ತದೆ. ಕಲ್ಲನ್ನು ಇದ್ದ ಜಾಗದಿಂದ ಅಲುಗಿಸಬೇಡಿ. "ಈ ಕಲ್ಲಿನಿಂದ ಮೂಡಲು ಇಷ್ಟು ಮತ್ತರು" ಎಂದು ಒಳಗೆ ಬರೆದಿದ್ದರೆ, ಕಲ್ಲು ಸರಿದ ಕೂಡಲೇ ಆ ಸಾಲಿನಿಂದ ಹೊಲದ ಎಲ್ಲೆ ಗುರುತಿಸಲು ಆಗುವುದಿಲ್ಲ.